ಚರಗಕ್ಕೆ ಹೋದ ದವಡೆ

"ಈ ಸಲದ ಎಳ್ಳಮಾವಾಸ್ಯೆಗೆ ನನ್ನ ಗೊರಕೆಯನ್ನು ಎಕಂಬಾದ ಹೊಲದಲ್ಲೇ ಹೂತು ಬರುತ್ತೇನೆ!"

ನೌಬಾದದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಎಡಗೈ ಸೊಂಟದ ಮೇಲಿಟ್ಟು, ಬಲಗೈ ಮೇಲೆತ್ತಿ ನಾನು ಹೀಗೆ ಘೋಷಿಸಿದಾಗ ನನ್ನ ಧರ್ಮಪತ್ನಿ ಈರಮ್ಮ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಹೂಳೂದು ಆಮ್ಯಾಲ ಹೂಳೀರಂತ. ಮೊದಲ ಆ ಕೈ ಇಳಸ್ರಿ, ಮ್ಯಾಲ ಫ್ಯಾನ್ ತಿರಗಲತ್ತದ" ಎಂದಳು.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಬಹಮನಿ ಸುಲ್ತಾನರು ದಂಡೆತ್ತಿ ಹೋಗುವ ಮುನ್ನ ಹೇಗೆ ನಿಲ್ಲುತ್ತಿದ್ದರೆಂದು ಹುಡುಗರಿಗೆ ಅಭಿನಯಿಸಿ ತೋರಿಸಿ ತೋರಿಸಿ ಮನೆಯಲ್ಲೂ ಹಾಗೇ ನಿಲ್ಲುವ ಚಟ ಹತ್ತಿದೆ. ಸುಲ್ತಾನರ ತಲೆಯ ಮೇಲೆ ಫ್ಯಾನ್ ಇರಲಿಲ್ಲ, ಎದುರಿಗೆ ಈರಮ್ಮ ಇರಲಿಲ್ಲ. ಅದಕ್ಕೇ ಅವರು ಅಷ್ಟು ರಾಜ್ಯ ಗೆದ್ದರು!

ಈ ದಂಡಯಾತ್ರೆಗೆ ಕಾರಣ ಹೋದ ವರ್ಷದ ಎಳ್ಳಮಾವಾಸ್ಯೆ. ಔರಾದ ತಾಲ್ಲೂಕಿನ ಎಕಂಬಾ ನನ್ನ ಹೆಂಡತಿಯ ತವರು. ಅಂದು ನಮ್ಮ ಕಡೆ ಮನೆಯಲ್ಲಿ ಬೆಕ್ಕೂ ಉಳಿಯುವುದಿಲ್ಲ, ಎಲ್ಲರೂ ಹೊಲಕ್ಕೇ. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಇದ್ದಬದ್ದ ಕಾಳು, ಸೊಪ್ಪು, ತರಕಾರಿಯನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಅರ್ಧಚಂದ್ರದಂಥ ಕಡಬು, ಗಡಿಗೆಗಟ್ಟಲೆ ಹುಳಿ ಅಂಬಲಿ. ಹೊಟ್ಟೆ ಬಿರಿಯುವ ಹಾಗೆ ಉಂಡು ನಾನು ಕೊಂಪೆಯ ನೆರಳಿನಲ್ಲಿ ಸುಮ್ಮನೆ ಒಂದು ಗಳಿಗೆ ಅಡ್ಡಾದೆ. ಅಷ್ಟೇ ನನಗೆ ಗೊತ್ತಿರುವುದು. ಎಚ್ಚರವಾದಾಗ ಯಾರೋ ಹಿಟ್ಟು ನಾದುವ ಪರಾತ ಬಡಿಯುತ್ತಿದ್ದರು, ಪಕ್ಕದ ಹೊಲದ ಉಸ್ಮಾನ ಮಿಯಾ ಬಡಿಗೆ ಹಿಡಿದು ಓಡಿಬರುತ್ತ ಕೂಗುತ್ತಿದ್ದರು: "ಹೆಣ್ಮಕ್ಳು ದೂರ ಸರೀರಿ! ಕೊಂಪ್ಯಾಗ ಹಂದಿ ಹೊಕ್ಕದ!"

ಹಂದಿ ಎಂದೊಡನೆ ನಾನು ಎದ್ದು ಎಲ್ಲರಿಗಿಂತ ಮುಂದೆ ಓಡಿದೆ. ಕಡಲೆ ಹೊಲ ದಾಟಿದ ಮೇಲೆಯೇ ತಿಳಿದದ್ದು, ಆ ಹಂದಿ ನಾನೇ ಎಂದು!

ಇದನ್ನು ಕಣ್ಣಾರೆ ಕಂಡವನು ನನ್ನ ಸಡ್ಡಕ ಶಿವರಾಜಪ್ಪ. ಅಂದರೆ ನನ್ನ ಹೆಂಡತಿಯ ತಂಗಿ ಸುವರ್ಣಾಳ ಗಂಡ. ಭಾಲ್ಕಿಯಲ್ಲಿ ಗೊಬ್ಬರದ ಅಂಗಡಿ. ಯೂರಿಯಾ ಕೇಳಲು ಬಂದ ರೈತರಿಗೆಲ್ಲ ಯೂರಿಯಾದ ಜೊತೆ ನನ್ನ ಕಥೆಯನ್ನೂ ಪುಕ್ಕಟೆ ಕೊಟ್ಟ. ಭಾಲ್ಕಿ ತಾಲ್ಲೂಕಿನ ತೊಗರಿಗೂ ನನ್ನ ಗೊರಕೆಯ ವಿಷಯ ಗೊತ್ತಾಯಿತು.

ಊರಿಗೆ ಮರಳಿದ ದಿನವೇ ಈರಮ್ಮ ತನ್ನ ಹಾಸಿಗೆ ಸುತ್ತಿಕೊಂಡು ಪಡಸಾಲೆಗೆ ಹೊರಟಳು.

"ಇದೇನಿದು, ಈ ವಯಸ್ಸಿನ್ಯಾಗ ವನವಾಸ?" ಎಂದೆ.

"ವನವಾಸ ನನಗಲ್ಲರಿ, ನಿಮಗ. ಡಾಕ್ಟರಿಗಿ ತೋರಸ್ರಿ ಅಂತ ಹೇಳಿ ಹೇಳಿ ನನ್ನ ಬಾಯಿ ಬತ್ತಿ ಹೋಯ್ತು. ಇನ್ನ ಹೇಳೂದಿಲ್ಲ. ಯಾವ ಕೊಂಪ್ಯಾಗ ಮಾನ ಕಳದೀರಿ, ಅದೇ ಕೊಂಪ್ಯಾಗ, ಬರೂ ಎಳ್ಳಮಾಸಿಗಿ, ಎಲ್ಲಾರ ಮುಂದ ಸಪ್ಪಳಿಲ್ಲದ ಒಂದ್ ನಿದ್ದಿ ಮಾಡಿ ತೋರಸ್ರಿ. ಅವತ್ತ ಈ ಹಾಸಿಗಿ ಒಳಗ ಬರ್ತದ."

ನಿಜ ಹೇಳುತ್ತೇನೆ, ನಕ್ಕುಬಿಟ್ಟೆ. ಎರಡು ದಿನ ಇದ್ದಾಳು, ಬಂದಾಳು ಎಂದುಕೊಂಡೆ. ಬರಲಿಲ್ಲ. ಹಾಸಿಗೆಯ ಆ ಅರ್ಧ ಭಾಗ ಖಾಲಿ ಬಿದ್ದಿತ್ತು. ಆಡಿಕೊಳ್ಳುವುದಕ್ಕಾದರೂ ಪಕ್ಕದಲ್ಲಿ ಒಬ್ಬರು ಬೇಕು ಎಂಬುದು ನನಗೆ ಆಗ ತಿಳಿಯಿತು. ಆದರೂ ಡಾಕ್ಟರ ಬಳಿ ಹೋಗಲು ಜಂಬ ಬಿಡಬೇಕಲ್ಲ!

ಅಷ್ಟರಲ್ಲಿ ಭಾಲ್ಕಿಯಿಂದ ಶಿವರಾಜಪ್ಪನ ಫೋನು. "ಅಣ್ಣಾರ, ಹಂದಿ ಹ್ಯಾಂಗದರಿ?"

"ಓಡಿಸಿಬಿಟ್ಟೀನಿ!" ಎಂದೆ. ಬಾಯಿಯಿಂದ ಬಂದೇಬಿಟ್ಟಿತು. "ಪ್ರಾಣಾಯಾಮ, ಶಿವರಾಜಪ್ಪ, ಪ್ರಾಣಾಯಾಮ! ಗೊರಕಿ ಬುಡಸಮೇತ ಹೋಯ್ತು."

ಆ ಕಡೆ ನಗು ನಿಂತಿತು. "ಖರೇ ಏನ್ರಿ? ಹ್ಯಾಂಗ ಮಾಡೂದದು?"

ನನಗೇನು ಗೊತ್ತು! ಸುಲ್ತಾನನೆಂದ ಮೇಲೆ ಹಿಂದೆ ಸರಿಯಬಾರದು. "ಸೂರ್ಯ ಹುಟ್ಟೂಕಿಂತ ಮೊದಲ ಎದ್ದು, ಪೂರ್ವಕ್ಕ ಮುಖ ಮಾಡಿ, ಎಡ ಮೂಗಿನ್ಯಾಗ ಎಳದು, ಹೊಟ್ಟ್ಯಾಗ ಹಿಡದು, ಬಲ ಮೂಗಿನ್ಯಾಗ ಬಿಡೂದು. ಬಿಡೂವಾಗ ಭ್ರಮರದಂಗ ಝೇಂಕಾರ ಮಾಡಬೇಕು" ಎಂದು ನಿಂತಲ್ಲೇ ಒಂದು ಯೋಗಶಾಸ್ತ್ರ ರಚಿಸಿದೆ. ಅವನು ಒಂದೊಂದನ್ನೂ ಎರಡೆರಡು ಸಲ ಕೇಳಿದ. ಖಾಲಿ ಹೊಟ್ಟೆಯಲ್ಲೋ ಚಹಾ ಕುಡಿದೋ ಎಂದೂ ವಿಚಾರಿಸಿದ. ಹೊಟ್ಟೆಕಿಚ್ಚು, ಪಾಪ ಎಂದುಕೊಂಡೆ.

ಸುಳ್ಳು ಹೇಳಿಯಾಯಿತು. ಈಗ ಅದನ್ನು ನಿಜ ಮಾಡದೆ ವಿಧಿಯಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬರುತ್ತಿತ್ತು. ಕಳ್ಳನಂತೆ ಗಂಟಲಿನ ಡಾಕ್ಟರ ಬಳಿ ಹೋದೆ. ಅವರು ಬೆರಳಿಗೆ, ಎದೆಗೆ, ಮೂಗಿಗೆ ಕಟ್ಟಿಕೊಂಡು ಮಲಗುವ ಒಂದು ಯಂತ್ರ ಕೊಟ್ಟು ಕಳಿಸಿದರು. ಮರುದಿನ ಅದನ್ನು ನೋಡಿ ಹೇಳಿದರು: "ನಿಮ್ಮದು ಬರೇ ಗೊರಕಿ ಅಲ್ಲ. ನಿದ್ದಿಯೊಳಗ ಉಸುರು ಮತ್ತ ಮತ್ತ ನಿಂತು ನಿಂತು ಬರ್ತದ. ಈಗಿನ್ನೂ ಕೈ ಮೀರಿಲ್ಲ. ಹಲ್ಲಿನ ಡಾಕ್ಟರ ಕಡಿ ಹೋಗಿ ಬಾಯಿಗಿ ಒಂದು ಸಾಧನ ಮಾಡಸ್ಕೊಳ್ರಿ."

ಗೊರಕೆ ಬರುವುದು ಮೂಗಿನಿಂದ, ಔಷಧ ಹಲ್ಲಿಗೆ! ಮಂಡಿ ನೋವಿಗೆ ಚಪ್ಪಲಿ ಅಂಗಡಿಗೆ ಕಳಿಸಿದ ಹಾಗಾಯಿತು ಎಂದು ಗೊಣಗುತ್ತ ಬೀದರ ಹಳೇ ಪೇಟೆಯ ಬಳಿಯ ಡಾಕ್ಟರ್ ತಹಮೀನಾರ ದವಾಖಾನೆ ಹತ್ತಿದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಾತು ಮಾತ್ರ ಸೂಜಿಯಷ್ಟೇ ಚೂಪು.

"ಮಲಗಿದಾಗ ನಿಮ್ಮ ಕೆಳದವಡಿ ಹಿಂದ ಸರೀತದ ಸರ, ಅದರ ಸಂಗಾಟ ನಾಲಗಿನೂ ಹಿಂದ ಬಿದ್ದು ಉಸುರಿನ ದಾರಿ ಬಂದ್ ಮಾಡ್ತದ. ಇದು ಕೆಳದವಡಿ ಹಿಡದು ಸ್ವಲ್ಪ ಮುಂದ ಇಡ್ತದ. ದಾರಿ ಖುಲ್ಲಾ!" ಎಂದು ಮೇಲೊಂದು ಕೆಳಗೊಂದು ಅರ್ಧಚಂದ್ರಾಕಾರದ, ಗಾಜಿನಂತೆ ಆಚೆ ಕಾಣುವ ಅಚ್ಚುಗಳನ್ನು ತೋರಿಸಿದರು. ನನ್ನ ಹಲ್ಲಿನ ಅಳತೆ ತೆಗೆದು ಅಂಥದೇ ಒಂದು ಮಾಡಿಸಿ ಕೊಟ್ಟರು. ನಾನು ಅದಕ್ಕೆ ದವಡೆ ಎಂದೇ ಹೆಸರಿಟ್ಟೆ.

"ಸುರುವಿಗಿ ಜೊಲ್ಲು ಬರ್ತದ, ದವಡಿ ನೋಯ್ತದ. ಘಾಬರಿ ಆಗಬ್ಯಾಡ್ರಿ. ಮಲಗಿದಾಗೆಲ್ಲಾ ಹಾಕೋಬೇಕು. ಬಿಸಿನೀರಿನ್ಯಾಗ ತೊಳೀಬ್ಯಾಡ್ರಿ, ಆಕಾರ ಕೆಡ್ತದ. ಮತ್ತ ಇದು ನೋಡ್ರಿ, ಡಬ್ಬಿ. ಬಾಯಾಗಿಲ್ಲಂದ್ರ ಡಬ್ಬ್ಯಾಗ, ಡಬ್ಬ್ಯಾಗಿಲ್ಲಂದ್ರ ಬಾಯಾಗ. ಮೂರನೇ ಜಾಗಾ ಬಿಲಕುಲ್ ಇಲ್ಲ."

"ನಾ ಮಾಸ್ತರ ಇದ್ದೀನ್ರಿ ಡಾಕ್ಟರ. ಇಂಥಾದೆಲ್ಲಾ ನನಗ ಹೇಳಬೇಕಾಗಿಲ್ಲ" ಎಂದೆ.

"ಹಂಗ ಅಂದವರೇ ಮತ್ತ ಬರ್ತಾರ ಸರ" ಎಂದು ಅವರು ನಕ್ಕರು.

ಮನೆಗೆ ಬಂದು ಹಾಕಿಕೊಂಡೆ. ಕೆಳದವಡೆ ಹೊಸಿಲು ದಾಟಿ ಅಂಗಳಕ್ಕೆ ಬಂದು ನಿಂತಿತು. ಈರಮ್ಮ ನನ್ನ ಮುಖ ನೋಡಿ, "ಯಾರ ಸಂಗಾಟ ಜಗಳಕ್ಕ ಹೊಂಟೀರಿ?" ಎಂದಳು. ನಾನು ಉತ್ತರ ಕೊಟ್ಟೆ, ಜೊಲ್ಲು ಬಂತು, ಮಾತು ಬರಲಿಲ್ಲ. ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಆದರೆ ಹಾಸಿಗೆ ಒಳಗೆ ಬರಲಿಲ್ಲ. "ಮಾತಂದ್ರ ಮಾತು. ಎಳ್ಳಮಾಸಿ ಆಗಲಿ. ಅಲ್ಲೀ ತನಾ ದಿನಾ ಹಾಕ್ಕೋತೀರಿಲ್ಲೋ ನೋಡ್ತೇನಿ."

ಒಂದು ವಿಚಿತ್ರ ಮಾತ್ರ ಹೇಳಬೇಕು. ಆ ದಿನಗಳಲ್ಲಿ ನನಗೆ ನಡುರಾತ್ರಿ ಎಚ್ಚರವಾದಾಗೆಲ್ಲ ಈರಮ್ಮ ಕೋಣೆಯ ಬಾಗಿಲಲ್ಲಿ ನಿಂತಿರುತ್ತಿದ್ದಳು. "ಏನ?" ಎಂದರೆ, "ನೀರ ಕುಡ್ಯಾಕ ಬಂದಿದ್ದೆ" ಎನ್ನುತ್ತಿದ್ದಳು. ನೀರಿನ ಕೊಡ ಇರುವುದು ಮನೆಯ ಆ ತುದಿಯಲ್ಲಿ. ಗೊರಕೆ ಬರುತ್ತದೋ ಇಲ್ಲವೋ ಎಂದು ಗುಪ್ತಚಾರಿಕೆ ನಡೆದಿದೆ, ಸೋಲುವ ಭಯ ಹತ್ತಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ.

ಎಳ್ಳಮಾವಾಸ್ಯೆ ಬಂತು. ಬೀದರಿನಿಂದ ಔರಾದ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ತಾಲೀಮು ಇರಲೆಂದು ದವಡೆ ಹಾಕಿಕೊಂಡು ತೂಕಡಿಸಿದೆ. ಪಕ್ಕದವನು ನನ್ನ ಮುಖ ನೋಡಿ ಕೇಳದೆಯೇ ಕಿಟಕಿಯ ಸೀಟು ಬಿಟ್ಟುಕೊಟ್ಟ. ಡಬ್ಬಿ? ಡಬ್ಬಿಯನ್ನು ನಾನು ಬೇಕೆಂದೇ ಮನೆಯಲ್ಲಿ ಬಿಟ್ಟಿದ್ದೆ. ಶಿವರಾಜಪ್ಪ ಮೂಗು ತೂರಿಸುವ ಮನುಷ್ಯ. ಡಬ್ಬಿ ಕಂಡರೆ ತೆಗೆದು ನೋಡಿಯೇ ನೋಡುತ್ತಾನೆ. ಪ್ರಾಣಾಯಾಮದ ಗುಟ್ಟು ಪ್ಲಾಸ್ಟಿಕ್ಕೆಂದು ಗೊತ್ತಾದರೆ ನನ್ನ ಗತಿಯೇನು!

ಹೊಲ ಮುಟ್ಟಿದ ಕೂಡಲೇ ಅತ್ತೆ ಗುರಮ್ಮ ಬಟ್ಟಲ ತುಂಬ ಅಂಬಲಿ ಹಿಡಿದು ಬಂದರು. "ಬಿಸಲಾಗ ಬಂದೀರಿ ಅಳಿಯಂದ್ರ, ಕುಡೀರಿ." ದವಡೆ ಹಾಕಿಕೊಂಡು ಅಂಬಲಿ ಕುಡಿಯುವುದೆಂತು? ಕೊಂಪೆಯ ಮೂಲೆಗೆ ಸರಿದು, ಬೆನ್ನು ತಿರುಗಿಸಿ, ಅದನ್ನು ತೆಗೆದು, ನೀರಿನಲ್ಲಿ ತೊಳೆದು, ಅಲ್ಲಿದ್ದ ಖಾಲಿ ಬಟ್ಟಲಲ್ಲಿಟ್ಟು ಮೇಲೊಂದು ಸಜ್ಜಿ ರೊಟ್ಟಿ ಮುಚ್ಚಿದೆ. ರೊಟ್ಟಿಯ ಕೆಳಗೆ ಯಾರು ನೋಡುತ್ತಾರೆ? ಬಹಮನಿ ಖಜಾನೆಯೂ ಅಷ್ಟು ಭದ್ರವಾಗಿರಲಿಲ್ಲ!

ಪಾಂಡವರ ಪೂಜೆಯಾಯಿತು. ಆಮೇಲೆ ಚರಗ. ಮಾಡಿದ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಬುಟ್ಟಿಗೆ ಹಾಕಿ ಕಲಸಿ ಹೊಲದ ತುಂಬ ಎರಚುವುದು. ಕಾಳು ಕಟ್ಟುತ್ತಿರುವ ಹೊಲವೆಂದರೆ ಬಸುರಿ ಭೂಮಿತಾಯಿ. ಅವಳ ಬಯಕೆಯ ಊಟ ಅದು, ಅವಳು ಉಂಡಲ್ಲದೆ ನಾವು ಉಣ್ಣುವಂತಿಲ್ಲ. ನನ್ನ ಹೆಂಡತಿಯ ತಮ್ಮ ಅಮೋಲ್ ಬುಟ್ಟಿ ಹೊತ್ತು ಹೊಲ ಸುತ್ತಿದ. ರಟ್ಟೆ ಗಟ್ಟಿಯಿರುವ ಹುಡುಗ, ಹಿಡಿ ಹಿಡಿಯಾಗಿ ದೂರ ದೂರ ಎಸೆದ. ಕುಸುಬೆಯ ಸಾಲಿನ ಕಡೆ ಎಸೆದ ಒಂದು ಹಿಡಿಯಲ್ಲಿ ಬಿಸಿಲಿಗೆ ಏನೋ ಫಳ್ಳೆಂದಿತು. ಭೂಮಿತಾಯಿಗೆ ಕಲ್ಲುಸಕ್ಕರೆಯನ್ನೂ ಹಾಕಿದ್ದಾರಲ್ಲ ಎಂದು ನಾನು ಕೈಮುಗಿದೆ.

ಊಟಕ್ಕೆ ಮೊದಲು ಒಮ್ಮೆ ಖಜಾನೆ ನೋಡೋಣವೆಂದು ಕೊಂಪೆಗೆ ಹೋದೆ. ಬಟ್ಟಲು ಬೋರಲಾಗಿತ್ತು.

"ಅತ್ತಿ! ಇದರಾಗ ಇತ್ತಲ್ರಿ..."

"ಕಡಬೇನ್ರಿ?" ಎಂದರು ಅತ್ತೆ. ಅವರಿಗೆ ಒಂದು ಕಣ್ಣಿಗೆ ಪೊರೆ. "ಚರಗಕ್ಕ ಹಾಕ್ದೆ. ತಣ್ಣಗಾಗಿ ಕಲ್ಲಾಗಿತ್ತು ಅದು. ನಿಮಗ ಬಿಸಿದು ಕೊಡ್ತೇನಿ, ಕುಂದರ್ರಿ."

ನನ್ನ ದವಡೆ ಭೂಮಿತಾಯಿಯ ಬಾಯಿಗೆ ಹೋಗಿತ್ತು!

ಹೇಳುವಂತಿಲ್ಲ, ಬಿಡುವಂತಿಲ್ಲ. ಬೆಳೆ ನೋಡುವ ನೆಪದಲ್ಲಿ ಕುಸುಬೆಯ ಸಾಲಿಗೆ ಹೋಗಿ ಬಗ್ಗಿದೆ. ಕುಸುಬೆಯ ಮುಳ್ಳು ಮೊಣಕೈ ತರಚಿತು, ಕಡಲೆ ಗಿಡದ ಹುಳಿ ಆ ತರಚಿಗೆ ಹತ್ತಿ ಚುರುಗುಟ್ಟಿತು. ಉಸ್ಮಾನ ಮಿಯಾ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ವರ್ಷವೂ ಈ ದಿನ ಅವರ ಊಟ ನಮ್ಮ ಅತ್ತೆಯ ಪಂಕ್ತಿಯಲ್ಲೇ.

"ಏನ್ ಹುಡಕಲತ್ತೀರಿ ಮಾಸ್ತರ ಸಾಬ್?"

"ಏನಿಲ್ಲ ಮಿಯಾ, ಬೆಳಿ ನೋಡ್ಲತ್ತೀನಿ."

"ಬೆಳಿ ನಿಂತು ನೋಡ್ತಾರ ಸಾಬ್. ಬೋರಲ ಬಿದ್ದು ನೋಡೂದಿಲ್ಲ!"

ಈರಮ್ಮನನ್ನು ಬದಿಗೆ ಕರೆದು ಕಿವಿಯಲ್ಲಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಆಕೆಯ ಮುಖ ಕಪ್ಪಿಟ್ಟಿತು. "ಅದಿಲ್ಲದ ನೀವ ಮಲಗಬ್ಯಾಡ್ರಿ. ಹಾಸಿಗಿ ಮಾತು ನಾ ವಾಪಸ್ ತಗೋತೇನಿ. ಇವತ್ತೇ ಒಳಗ ತರ್ತೇನಿ. ಮಲಗಬ್ಯಾಡ್ರಿ ಅಷ್ಟೇ."

ಅಲ್ಲಿಗೆ ನಾನು ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಊಟ ಮುಗಿಯುವುದೇ ತಡ, ಶಿವರಾಜಪ್ಪ ಕೊಂಪೆಯಲ್ಲಿ ಕಂಬಳಿ ಹಾಸಿ, ದಿಂಬಿಟ್ಟು, ಎಲ್ಲರನ್ನೂ ಸುತ್ತ ಕೂರಿಸಿ ಕೂಗಿದ: "ಬರ್ರಿ ಅಣ್ಣಾರ! ಪ್ರಾಣಾಯಾಮದ ಚಮತ್ಕಾರ ನೋಡಾಕ ಭಾಲ್ಕಿಯಿಂದ ಬಂದೀನಿ!"

ಸುಲ್ತಾನನ ಮೀಸೆ ಕುಣಿಯಿತು. ಸುಮ್ಮನೆ ಕಣ್ಣು ಮುಚ್ಚಿ ಎಚ್ಚರವಾಗಿ ಬಿದ್ದಿದ್ದರಾಯಿತು, ನಿದ್ದೆ ಬಂದರಲ್ಲವೇ ಗೊರಕೆ? ಎಂಥ ಉಪಾಯ! ಈರಮ್ಮ ತಡೆಯುತ್ತಿದ್ದರೂ ಹೋಗಿ ಗಂಭೀರವಾಗಿ ಮಲಗಿದೆ. ಗದ್ದಕ್ಕೆ ಬಿಗಿ ಕೊಟ್ಟೆ. ಸುಲ್ತಾನರ ಹೆಸರುಗಳನ್ನು ಮನಸ್ಸಿನಲ್ಲೇ ಸಾಲಾಗಿ ಹೇಳತೊಡಗಿದೆ. ಹೊಟ್ಟೆಯಲ್ಲಿ ಭಜ್ಜಿ, ಅದರ ಮೇಲೆ ಅಂಬಲಿ, ಅದರ ಮೇಲೆ ಹೊಲದ ಗಾಳಿ. ಎರಡನೆಯ ಸುಲ್ತಾನ ಪಟ್ಟಕ್ಕೆ ಬಂದದ್ದು ನೆನಪಿದೆ. ಇಳಿದದ್ದು ನೆನಪಿಲ್ಲ.

ಯಾರೋ ಎದೆ ಹಿಡಿದು ಅಲುಗಾಡಿಸುತ್ತಿದ್ದರು. ಕಣ್ಣು ಬಿಟ್ಟೆ. ಸುತ್ತ ಒಬ್ಬರೂ ನಗುತ್ತಿಲ್ಲ. ಗೆದ್ದೆ ಎಂದುಕೊಂಡೆ!

"ನೋಡಿದಿರಾ..." ಎಂದು ಬಾಯಿ ತೆರೆದೆ. ಮುಖದ ಮೇಲೆ ತಂಬಿಗೆ ನೀರು ಬಿತ್ತು. ಉಸ್ಮಾನ ಮಿಯಾ ಖಾಲಿ ತಂಬಿಗೆ ಹಿಡಿದು ನಿಂತಿದ್ದರು. ಶಿವರಾಜಪ್ಪನ ಮುಖದಲ್ಲಿ ರಕ್ತವಿರಲಿಲ್ಲ. ಈರಮ್ಮ ನನ್ನ ಎದೆಯ ಮೇಲಿನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಅಳುತ್ತಿದ್ದಳು.

ಅಮೋಲ್ ತೊದಲಿದ. "ಮಾಮಾ, ಮೊದಲ ನಿಮ್ಮ ಗೊರಕಿ ಟ್ರ್ಯಾಕ್ಟರ್ ಹಂಗ ಸುರು ಆಯ್ತು. ಎಲ್ಲಾರೂ ನಕ್ಕೆವು. ಆಮ್ಯಾಲ ಬಂದ್ ಬಿತ್ತು. ಶಿವರಾಜ ಮಾಮಾ ಡೀಸಲ್ ಮುಗೀತು ಅಂದ್ರು, ಮತ್ತೂ ನಕ್ಕೆವು. ಆದರ ಅದು ಸುರೂನೇ ಆಗ್ಲಿಲ್ಲರಿ... ಉಸುರೇ ಇಲ್ಲ! ಅಕ್ಕ ಓಡಿ ಬಂದು ಅಲುಗಾಡಿಸಿದಳು."

"ಏ, ಅದೇನ ದೊಡ್ಡ ಮಾತು..." ಎಂದು ನಾನು ನಗಲು ನೋಡಿದೆ.

"ದೊಡ್ಡ ಮಾತಲ್ಲೇನ್ರಿ?" ಈರಮ್ಮ ಸಿಡಿದಳು. ಇಷ್ಟು ವರ್ಷಗಳಲ್ಲಿ ಆಕೆಯನ್ನು ಹಾಗೆ ನೋಡಿರಲಿಲ್ಲ. "ನಿಮ್ಮ ಗೊರಕಿ ಸಪ್ಪಳ ನನಗ ಎಂದ ತ್ರಾಸ ಆಗ್ಯದ? ಗೊರಕಿ ಬರತನಾ ನಾ ಆರಾಮ ಮಲಗ್ತೇನಿ. ಅದು ನಿಂತ್ರ ನನ್ನ ಜೀವ ನಿಲ್ತದ. ಹಾಸಿಗಿ ಹೊರಗ ಒಯ್ದಿದ್ದು ನಿದ್ದಿ ಮಾಡಾಕಲ್ಲ. ಹೇಳಿದ್ರ ಕೇಳಲಿಲ್ಲ, ಹಿಂಗಾದ್ರೂ ಡಾಕ್ಟರ ಕಡಿ ಹೋಗ್ತೀರಿ ಅಂತ! ಹೊರಗ ಇದ್ರೂ ನಾ ಎಲ್ಲಿ ಮಲಗೀನಿ? ದಿನಾ ಎದ್ದು ಎದ್ದು ಬಂದು ಬಾಗಲಾಗ ನಿಂತು ನಿಮ್ಮ ಎದಿ ಏರತದೋ ಇಲ್ಲೋ ನೋಡೀನಿ. ನೀರ ಕುಡ್ಯಾಕ ಬಂದಿದ್ದೆ ಅಂದ್ರ ನಂಬಿದ್ರಿ. ಇತಿಹಾಸ ಹೇಳ್ತೀರಂತ ಇತಿಹಾಸ!"

ಅಷ್ಟೂ ಜನರ ಮುಂದೆ ಅವಳ ಕೈ ಹಿಡಿದುಕೊಂಡೆ. ಎಲ್ಲ ಬಾಯಿಬಿಟ್ಟೆ: ಯಂತ್ರ, ಡಾಕ್ಟರ್, ದವಡೆ, ಬಟ್ಟಲು, ಚರಗ. ಪ್ರಾಣಾಯಾಮ ಶುದ್ಧ ಸುಳ್ಳು ಎಂದೂ ಹೇಳಿದೆ. ಅದನ್ನು ಕೇಳಿ ಶಿವರಾಜಪ್ಪ ತನ್ನ ಮೂಗನ್ನು ಮುಟ್ಟಿ ನೋಡಿಕೊಂಡ.

ಆಮೇಲೆ ಇಡೀ ಬಳಗ ಕುಸುಬೆಯ ಸಾಲಿಗಿಳಿಯಿತು. ಹಾದಿಯಲ್ಲಿ ಹೋಗುವವರು "ಏನ ಕಳೀತು?" ಎಂದು ಕೇಳಿದರೆ ಅಮೋಲ್ "ನಮ್ಮ ಮಾಮಾನ ದವಡಿ!" ಎಂದು ಕೂಗುತ್ತಿದ್ದ. ಅವರೂ ಇಳಿದು ಹುಡುಕತೊಡಗಿದರು. ಕಡೆಗೆ ಉಸ್ಮಾನ ಮಿಯಾ, "ಮಿಲ್ ಗಯಾ!" ಎಂದು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಭಜ್ಜಿ ಮೆತ್ತಿಕೊಂಡಿತ್ತು, ಮುರಿದಿರಲಿಲ್ಲ.

ನಾನು ಕೈ ಚಾಚಿದೆ. ಅತ್ತೆ ಅಡ್ಡ ಬಂದರು.

"ಹಂಗ ಮುಟ್ಟಬ್ಯಾಡ್ರಿ! ಚರಗ ಚೆಲ್ಲಿದ್ದು ಭೂಮಿತಾಯಿದು. ಬಸುರಿ ಬಾಯಾಗಿಂದು ಕಸಗೊಂತಾರೇನು? ಮಿಯಾ, ಅಲ್ಲೇ ಇಡು."

ಮಿಯಾ ಅಲ್ಲೇ ಇಟ್ಟರು. ಈ ಹೊಲದಲ್ಲಿ ಅತ್ತೆಯ ಮಾತಿಗೆ ಎದುರು ಮಾತು ಇಲ್ಲ, ಈರಮ್ಮನಂತೂ ಹುಟ್ಟಿದಾಗಿನಿಂದ ಆಡಿಲ್ಲ. ಅವಳು ಸುಮ್ಮನೆ ಕೊಂಪೆಗೆ ಹೋಗಿ, ಬುಟ್ಟಿಯಿಂದ ಎರಡು ಬಿಸಿ ಕಡಬು ತಂದಳು. ದವಡೆಯ ಪಕ್ಕದಲ್ಲಿ ಮಣ್ಣಿನ ಮೇಲಿಟ್ಟು ಕೈಮುಗಿದಳು.

"ತಾಯಿ, ಅವ್ವ ಕಣ್ಣ ಕಾಣದ ಕಲ್ಲಿನ ಕಡಬು ಕೊಟ್ಟಳು. ನೀ ಅದು ತಿನ್ನಂಗಿಲ್ಲ. ಬಿಸಿದು ತಗೋ. ನನ್ನ ಗಂಡನ ಉಸುರು ನನಗ ಕೊಡು."

ಎತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಅತ್ತೆ ಒಂದು ಕ್ಷಣ ನೋಡಿದರು. "ಒಂದಕ್ಕ ಎರಡು ಕೊಟ್ಟೀದಿ. ಆಯ್ತು, ಒಪ್ಪಿಗಿ ಅದ" ಎಂದು ಕಣ್ಣೊರೆಸಿಕೊಂಡರು.

ಹೊರಡುವಾಗ ಶಿವರಾಜಪ್ಪ ನನ್ನನ್ನು ಬೇವಿನ ಮರದ ಹಿಂದಕ್ಕೆ ಎಳೆದೊಯ್ದ. ನಗಬಹುದು, ಬೈಯಬಹುದು ಎಂದು ಸಿದ್ಧನಾದೆ.

"ಅಣ್ಣಾರ, ಆ ಡಾಕ್ಟರ ದವಾಖಾನಿ ಎಲ್ಲಿ ಬರ್ತದರಿ?" ಎಂದು ಪಿಸುಗುಟ್ಟಿದ.

"ಯಾರಿಗಿ?"

"ನನಗೇ ರೀ! ಸುವರ್ಣಾ ನನ್ನ ಹಾಸಿಗಿ ಅಂಗಡಿ ಗೋದಾಮಿಗಿ ಹಾಕ್ಯಾಳ. ಯೂರಿಯಾ ಚೀಲದ ನಡುವ ಮಲಗ್ತೇನಿ. ನೀವ ಫೋನಿನ್ಯಾಗ ಹೇಳಿದಾಗಿಂದ ದಿನಾ ನಸುಕಿನ್ಯಾಗ ಎದ್ದು ಪೂರ್ವಕ್ಕ ಮುಖ ಮಾಡಿ ಭ್ರಮರದಂಗ ಗುಂಯ್ ಅಂತೇನಿ. ಗೊರಕಿ ಹೋಗ್ಲಿಲ್ಲ, ನಸುಕಿನ ನಿದ್ದಿನೂ ಹೋಯ್ತು! ಭಾಲ್ಕಿ ಮಂದಿ ನನಗ ತಲಿ ಕೆಟ್ಟದಂತಾರ!"

ನಗಬಾರದೆಂದು ನಾನು ಬೇವಿನ ಮರವನ್ನು ತಬ್ಬಿಕೊಂಡೆ.

ಮರುದಿನ ನಾವು ಮೂವರೂ ಡಾಕ್ಟರ್ ತಹಮೀನಾರ ಮುಂದೆ ಕುಳಿತಿದ್ದೆವು. ಅವರು ನನ್ನ ದವಡೆಯನ್ನು ದೀಪಕ್ಕೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಒಂದು ತೊಗರಿಕಾಳು ತೆಗೆದು ತಟ್ಟೆಗೆ ಹಾಕಿದರು.

"ಮೂರನೇ ಜಾಗಾ ಯಾವುದು ಸಿಕ್ತು ಸರ?"

ಈರಮ್ಮ ಎಲ್ಲ ಹೇಳಿದಳು. ಡಾಕ್ಟರು ಕಣ್ಣೀರು ಬರುವಂತೆ ನಕ್ಕು, ಅದನ್ನು ಚೊಕ್ಕ ಮಾಡಿ, ಬಾಯಿಗೆ ಕೂರಿಸಿ ನೋಡಿ, ಸರಿಯಾಗಿದೆ ಎಂದರು. ಆಮೇಲೆ ಶಿವರಾಜಪ್ಪನ ಕಡೆ ತಿರುಗಿದರು. "ಮೊದಲ ನೀವೂ ನಿದ್ದಿ ತಪಾಸಣಿ ಮಾಡಸ್ರಿ, ಆಮ್ಯಾಲ ಅಳತಿ. ಇಲ್ಲೀ ತನಾ ಏನಾರ ಇಲಾಜು ಮಾಡೀರೇನು?"

ಶಿವರಾಜಪ್ಪ ಎದ್ದುನಿಂತು ನನ್ನ ಕಡೆ ಕೈ ತೋರಿಸಿದ. "ಮಾಡೀನ್ರಿ. ಇವರೇ ನಮ್ಮ ಪ್ರಾಣಾಯಾಮದ ಗುರುಗಳು!"

ಆ ಹೊತ್ತಿಗೆ ನನ್ನ ಬಾಯಿಯಲ್ಲಿ ದವಡೆ ಇತ್ತು. ಗುರುಗಳಿಗೆ ಜೊಲ್ಲಲ್ಲದೆ ಬೇರೇನೂ ಬರಲಿಲ್ಲ.

ಮನೆಗೆ ಬಂದ ಮೇಲೆ ಈರಮ್ಮ ತನ್ನ ಹಾಸಿಗೆ ಎತ್ತಿಕೊಂಡು ಒಳಗೆ ಬಂದಳು. ನನ್ನ ಪಕ್ಕದಲ್ಲಿ ಹಾಸಿ, ದಿಂಬು ಕೊಡವಿ, ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ನಾನು ಎಡಗೈ ಸೊಂಟಕ್ಕಿಟ್ಟು, ಬಲಗೈ ಎತ್ತಿ, ಈ ಐತಿಹಾಸಿಕ ಸಂದರ್ಭಕ್ಕೆ ತಕ್ಕಂತೆ ಎರಡು ಮಾತಾಡೋಣವೆಂದು ಬಾಯಿ ತೆರೆದೆ. ತೆರೆದ ಬಾಯಿಗೆ ಆಕೆಯೇ ದವಡೆ ಕೂರಿಸಿಬಿಟ್ಟಳು.

"ಕೈ ಇಳಸ್ರಿ ಗುರುಗಳ, ಫ್ಯಾನ್ ತಿರಗಲತ್ತದ. ನೀವು ಮಲಗಿ ಪ್ರಾಣಾಯಾಮ ಸುರು ಮಾಡ್ರಿ. ಒಂದು ವರ್ಷದ ನಿದ್ದಿ ಬಾಕಿ ಅದ, ನಾ ಇವತ್ತ ಮಲಗ್ತೇನಿ!"